ಹೇಲೋ ಜಾಗಕ್ಕೆ ಗಿಯರ್ಸ್, ಪಬ್ಜಿ ಜಾಗಕ್ಕೆ ಯಾರು?

ಮೈಕ್ರೋಸಾಫ್ಟಿನ ಆಟದ ಕನ್ಸೋಲ್ ಎಕ್ಸ್‌ಬಾಕ್ಸ್ ಎಂದರೆ ಹೇಲೋ ಎಂಬ ಮಾತು ಹುಟ್ಟಿ ಹತ್ತಿರ ಹತ್ತಿರ ಕಾಲು ಶತಮಾನವಾಯಿತು. ಆ ಜಾಗಕ್ಕೆ ಬೇರೊಂದು ಶೂಟಿಂಗ್ ಆಟ ಬರಬಹುದೇ ಎಂಬ ವಾದವೂ ಅದರ ಬೆನ್ನಿಗೇ ಹುಟ್ಟಿದ್ದು. ಗಿಯರ್ಸ್ ಆಫ್ ವಾರ್ ಬಂದಾಗ ಈ ವಾದ ಎದ್ದಿತು, ಕಾಲ್ ಆಫ್ ಡ್ಯೂಟಿ ಬೆಳೆದಾಗ ಎದ್ದಿತು, ಟೈಟನ್‌ಫಾಲ್ ಬಂದಾಗ ಮತ್ತೊಮ್ಮೆ ಎದ್ದಿತು. ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಎಕ್ಸ್‌ಬಾಕ್ಸ್ ಕಣ್ಣಾರೆ ಕಂಡವರು ಕಡಿಮೆ. ಆದರೂ ವಾದ ಇಲ್ಲಿಗೆ ಹೊಸದಲ್ಲ. ಇಲ್ಲಿ ಕನ್ಸೋಲ್ ಅಂದರೆ ಕೈಯಲ್ಲಿರುವ ಫೋನು, ಹೇಲೋ ಅಂದರೆ ಪಬ್ಜಿ, ಗಿಯರ್ಸ್ ಅಂದರೆ ಫ್ರೀ ಫೈರ್. ಹೆಸರು ಬೇರೆಯಾದರೂ ಕಟ್ಟೆಯ ಮೇಲೆ ಕೂತ ಹುಡುಗರು ಜಗಳಕ್ಕೆ ಬೀಳುವಷ್ಟು ಹುರುಪಿನಿಂದ ಚರ್ಚಿಸುವುದು ಇದೇ ಪ್ರಶ್ನೆಯನ್ನು. ಎರಡೂ ಕಥೆಗಳನ್ನು ಒಟ್ಟಿಗಿಟ್ಟು ನೋಡಿದರೆ ಉತ್ತರ ಸಿಗುತ್ತದೆ ಎಂದು ನನ್ನ ನಂಬಿಕೆ. ಒಂದು ಯಂತ್ರದ ಮುಖವಾಗಿ ನಿಂತ ಆಟವನ್ನು ಅದಕ್ಕಿಂತ ಒಳ್ಳೆಯ ಆಟ ಬಂದು ಕೆಡವಿದ ಉದಾಹರಣೆ ಬಲು ಅಪರೂಪ. ಆಡುವವರು ಕೂಡುವ ರೀತಿ ಬದಲಾದಾಗ ಮಾತ್ರ ಆ ಜಾಗ ಖಾಲಿಯಾಗುತ್ತದೆ.

ಮೊದಲು ಹೇಲೋ. ಅಮೆರಿಕದ ಷಿಕಾಗೊದಲ್ಲಿ 1991ರಲ್ಲಿ ಶುರುವಾದ ಬಂಜೀ ಎಂಬ ಕಂಪನಿ ಆ್ಯಪಲ್ ಕಂಪ್ಯೂಟರಿಗೆ ಆಟ ಮಾಡಿ ಹೆಸರಾಗಿತ್ತು. 1999ರಲ್ಲಿ ಹೇಲೋವನ್ನು ಜನರ ಮುಂದಿಟ್ಟದ್ದು ಮ್ಯಾಕ್‌ವರ್ಲ್ಡ್ ಸಮ್ಮೇಳನದ ಆ್ಯಪಲ್ ವೇದಿಕೆಯಲ್ಲಿ, ಅದೂ ಸ್ಟೀವ್ ಜಾಬ್ಸ್ ತಾವೇ ಮುಂದೆ ನಿಂತು. ಮರುವರ್ಷವೇ ಮೈಕ್ರೋಸಾಫ್ಟ್ ಬಂಜೀಯನ್ನು ಕೊಂಡಿತು. 2001ರ ನವೆಂಬರ್ 15ರಂದು ಅಮೆರಿಕದಲ್ಲಿ ಎಕ್ಸ್‌ಬಾಕ್ಸ್ ಅಂಗಡಿಗೆ ಬಂತು, ಜೊತೆಗೇ ಹೇಲೋ ಬಂತು. ಅಲ್ಲಿಯತನಕ ಶೂಟಿಂಗ್ ಆಟವೆಂದರೆ ಹೆಚ್ಚಾಗಿ ಮೌಸ್ ಮತ್ತು ಕೀಬೋರ್ಡಿನ ಆಟ. ಎರಡು ಹೆಬ್ಬೆರಳಲ್ಲಿ ಅದನ್ನು ಚೆನ್ನಾಗಿ ಆಡಬಹುದು ಎಂಬ ನಂಬಿಕೆ ಹೆಚ್ಚಿನವರಿಗೆ ಇರಲಿಲ್ಲ. ಹೊರುವುದಕ್ಕೆ ಎರಡೇ ಬಂದೂಕು, ಗ್ರೆನೇಡ್ ಎಸೆಯಲು ಬೇರೆಯದೇ ಗುಂಡಿ, ಸ್ವಲ್ಪ ಹೊತ್ತು ಮರೆಯಲ್ಲಿ ನಿಂತರೆ ತಾನೇ ತುಂಬಿಕೊಳ್ಳುವ ಕವಚ. ಹೇಲೋ ಇಷ್ಟನ್ನು ಮಾಡಿ ಆ ಅನುಮಾನ ಕಳೆಯಿತು.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಒಂದೇ ಟಿವಿಯನ್ನು ನಾಲ್ಕು ಭಾಗ ಮಾಡಿ ನಾಲ್ವರು ಆಡಬಹುದಿತ್ತು. ನಾಲ್ಕು ಎಕ್ಸ್‌ಬಾಕ್ಸ್‌ಗೆ ತಂತಿ ಎಳೆದರೆ ಹದಿನಾರು ಜನ. ಹಾಸ್ಟೆಲ್ ಕೋಣೆಗಳಿಗೆ ಟಿವಿ ಹೊತ್ತು ತಂದು, ಗೋಡೆಯಾಚೆ ಕೂತ ಗೆಳೆಯನನ್ನು ಹೊಡೆದು ಕೂಗಿದ ಹುಡುಗರ ಒಂದು ತಲೆಮಾರೇ ಅಲ್ಲಿದೆ. 2004ರ ನವೆಂಬರಿನಲ್ಲಿ ಬಂದ ಹೇಲೋ 2 ಅದೇ ಕೂಟವನ್ನು ಇಂಟರ್ನೆಟ್ಟಿಗೆ ಒಯ್ದಿತು. ಮೊದಲ ದಿನವೇ 12.5 ಕೋಟಿ ಡಾಲರ್ ವ್ಯಾಪಾರ. ಹಳೆಯ ಎಕ್ಸ್‌ಬಾಕ್ಸಿನ ಆನ್‌ಲೈನ್ ಸೇವೆಯನ್ನು 2010ರ ಏಪ್ರಿಲ್ 15ರಂದು ನಿಲ್ಲಿಸಿದಾಗ, ಬೆರಳೆಣಿಕೆಯಷ್ಟು ಆಟಗಾರರು ಯಂತ್ರ ಆರಿಸದೆ, ಸಂಪರ್ಕ ಕಡಿಯದೆ, ಮೇ ತಿಂಗಳ ತನಕ ಹೇಲೋ 2 ಒಳಗೇ ಉಳಿದರು. ಮಾರಾಟದ ಅಂಕಿಗಿಂತ ಈ ಒಂದು ಸಂಗತಿ ಆ ಆಟದ ತೂಕ ಹೇಳುತ್ತದೆ.

ಗಿಯರ್ಸ್ ಬಂದದ್ದು 2006ರ ನವೆಂಬರ್ 7ರಂದು, ಎಪಿಕ್ ಗೇಮ್ಸ್‌ನಿಂದ. ಹಳೆಯ ಎಕ್ಸ್‌ಬಾಕ್ಸಿನ ನಂತರದ ಯಂತ್ರ ಎಕ್ಸ್‌ಬಾಕ್ಸ್ 360 ಮಾರುಕಟ್ಟೆಗೆ ಬಂದು ಆಗಲೇ ಒಂದು ವರ್ಷ ಆಗಿತ್ತು, ಹೇಲೋ 3 ಇನ್ನೂ ಬಂದಿರಲಿಲ್ಲ. ಮೈದಾನ ಖಾಲಿ. ಆಟವೂ ಸಾಮಾನ್ಯದ್ದಲ್ಲ. ಗೋಡೆಗೆ ಬೆನ್ನು ಕೊಟ್ಟು, ಇಣುಕಿ, ಹೊಡೆದು, ಮತ್ತೆ ಮರೆಗೆ ಸರಿಯುವ ಆ ಕಾದಾಟವನ್ನು ಮುಂದೆ ಎಷ್ಟೋ ಆಟಗಳು ನಕಲು ಮಾಡಿದವು. 360ರ ಮೆಮರಿಯನ್ನು 256ರಿಂದ 512 ಎಂಬಿಗೆ ಏರಿಸಲು ಮೈಕ್ರೋಸಾಫ್ಟನ್ನು ಒಪ್ಪಿಸಿದವರು ತಾವೇ ಎಂದು ಎಪಿಕ್‌ನವರು ಹೇಳಿಕೊಂಡಿದ್ದಾರೆ. ಗಿಯರ್ಸ್‌ನ ಚಿತ್ರ ಎರಡು ಬಗೆಯ ಮೆಮರಿಯಲ್ಲಿ ಹೇಗೆ ಕಾಣುತ್ತದೆಂದು ತೋರಿಸಿ ಒಪ್ಪಿಸಿದರಂತೆ. ಯಂತ್ರವನ್ನೇ ತನಗೆ ಬೇಕಾದಂತೆ ತಿದ್ದಿಸಿದ ಆಟ ಅದು. ಎರಡು ವರ್ಷ ಎಕ್ಸ್‌ಬಾಕ್ಸ್ ಲೈವ್ ಎಂಬ ಆನ್‌ಲೈನ್ ಸೇವೆಯಲ್ಲಿ ಅತಿ ಹೆಚ್ಚು ಜನ ಆಡುತ್ತಿದ್ದ ಹೇಲೋ 2ನ್ನು ಆ ಸ್ಥಾನದಿಂದ ಇಳಿಸಿದ್ದೂ ಅದೇ.

ಇಷ್ಟಾದರೂ ಎಕ್ಸ್‌ಬಾಕ್ಸಿನ ಮುಖ ಬದಲಾಗಲಿಲ್ಲ. 2007ರ ಸೆಪ್ಟೆಂಬರಿನಲ್ಲಿ ಹೇಲೋ 3 ಬಂದು ಅಮೆರಿಕದಲ್ಲಿ ಮೊದಲ ದಿನವೇ 17 ಕೋಟಿ ಡಾಲರ್ ಗಳಿಸಿತು. ಗಿಯರ್ಸ್ ಎರಡನೆಯ ಕುರ್ಚಿಯಲ್ಲೇ ಉಳಿಯಿತು, 2014ರಲ್ಲಿ ಮೈಕ್ರೋಸಾಫ್ಟ್ ಅದರ ಹಕ್ಕನ್ನೇ ಕೊಂಡ ಮೇಲೂ. ಗಿಯರ್ಸ್‌ಗೆ ನ್ಯಾಯ ಸಿಗಲಿಲ್ಲ ಎನ್ನುವವರ ಮಾತು ಅರ್ಥವಾಗುತ್ತದೆ; ಬರೀ ಕೈಚಳಕ ಲೆಕ್ಕ ಹಾಕಿದರೆ ಗಿಯರ್ಸ್ 2ರ ಹೋರ್ಡ್, ಅಲೆಯಲೆಯಾಗಿ ಬರುವ ಶತ್ರುಗಳನ್ನು ಐವರು ಗೆಳೆಯರು ಕೂಡಿ ತಡೆಯುವ ಆಟ, ಆ ವರ್ಷಗಳ ಅತ್ಯುತ್ತಮ ಯೋಚನೆಗಳಲ್ಲಿ ಒಂದು. ಆದರೆ ಹೇಲೋ ಕಲಿಸಿದ ಕೂಟಕ್ಕೇ ಗಿಯರ್ಸ್ ಬಂದು ಸೇರಿತು. ಅದೇ ಸೋಫಾ, ಅದೇ ಹೆಡ್‌ಫೋನ್, ಅದೇ ಗೆಳೆಯರು. ಹೊಸ ಕೂಟ ಕಟ್ಟಲಿಲ್ಲ.

ಉಳಿದ ಸ್ಪರ್ಧಿಗಳ ಕಥೆ ಬೇಗ ಮುಗಿಯುತ್ತದೆ. ಸೋನಿಯ ಕಿಲ್‌ಜೋನ್ 2004ರಲ್ಲಿ ಹೇಲೋ 2 ಬಂದ ತಿಂಗಳಲ್ಲೇ ಬಂತು. ಪತ್ರಿಕೆಗಳು ಹೇಲೋವನ್ನು ಮುಗಿಸುವ ಆಟವೆಂದು ಅದಕ್ಕೆ ಪಟ್ಟ ಕಟ್ಟಿದ್ದವು, ಆಟಕ್ಕೆ ಆ ಪಟ್ಟವೇ ಭಾರವಾಯಿತು. ಅದೇ ಪಟ್ಟ ಹೊತ್ತ ಹೇಜ್ 2008ರಲ್ಲಿ ಬಿದ್ದಿತು, ಮಾಡಿದ ಕಂಪನಿಯೂ ಆ ವರ್ಷದ ಕೊನೆಗೆ ದಿವಾಳಿಯ ಬಾಗಿಲಿಗೆ ಬಂತು. ಟೈಟನ್‌ಫಾಲ್ 2014ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ ಬಂದಾಗ ಇದೇ ಮುಂದಿನ ಹೇಲೋ ಎಂದರು. ಅದರ ಎರಡನೆಯ ಭಾಗ ಪ್ಲೇಸ್ಟೇಷನ್ನಿಗೂ ಹೋಯಿತು. ಅದಕ್ಕೂ ಹಿಂದೆ ನಿಂಟೆಂಡೊ 64ರಲ್ಲಿ ಗೋಲ್ಡನ್‌ಐ ಎಂಬ ಜೇಮ್ಸ್ ಬಾಂಡ್ ಆಟವಿತ್ತು. 1997ರಲ್ಲಿ ಅದನ್ನು ಮಾಡಿದ ರೇರ್ ಕಂಪನಿಯೇ 2000ದಲ್ಲಿ ಪರ್ಫೆಕ್ಟ್ ಡಾರ್ಕ್ ಮಾಡಿತು. ಎಲ್ಲ ರೀತಿಯಲ್ಲೂ ಹೆಚ್ಚಿನ ಆಟ. ಆದರೆ ಅದರ ಬಹುಪಾಲು ಆಡಬೇಕೆಂದರೆ ಹೆಚ್ಚುವರಿ ಮೆಮರಿಯ ಪ್ಯಾಕ್ ಯಂತ್ರಕ್ಕೆ ಸಿಗಿಸಬೇಕಿತ್ತು. ಜನರ ನೆನಪಿನಲ್ಲಿ ಉಳಿದದ್ದು ಗೋಲ್ಡನ್‌ಐ. ಈ ಮೆಮರಿಯ ಮಾತು ನೆನಪಿರಲಿ, ಮುಂದೆ ಬರುತ್ತದೆ.

ಹಾಗಾದರೆ ಹೇಲೋ ಇಂದು ಮೊದಲಿನ ಎತ್ತರದಲ್ಲಿ ಯಾಕಿಲ್ಲ? ಕಾಲ್ ಆಫ್ ಡ್ಯೂಟಿ ಅದನ್ನು ಮೀರಿ ಬೆಳೆದದ್ದು ನಿಜ. ಆದರೆ ಅದು ಎಲ್ಲ ಯಂತ್ರಗಳಲ್ಲೂ ಸಿಗುವ ಆಟ; 2023ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ 6,870 ಕೋಟಿ ಡಾಲರ್ ಒಪ್ಪಂದದಲ್ಲಿ ಅದರ ಒಡೆಯರನ್ನೇ ಕೊಂಡ ಮೇಲೂ ಅದನ್ನು ಪ್ಲೇಸ್ಟೇಷನ್ನಿನಿಂದ ಕೀಳಲಿಲ್ಲ. ಎಲ್ಲರ ಮನೆಯ ಆಟ ಒಂದು ಮನೆಯ ಗುರುತಾಗದು. ಹೇಲೋ ಸೊರಗಿದ್ದು ತನ್ನ ಒಳಗಿನಿಂದಲೇ. ಬಂಜೀ 2010ರ ಹೇಲೋ ರೀಚ್ ಮುಗಿಸಿ ಕೈ ತೊಳೆದುಕೊಂಡಿತು. 2014ರಲ್ಲಿ ಹಳೆಯ ಹೇಲೋಗಳ ಸಂಗ್ರಹ ಬಂದಾಗ ಆನ್‌ಲೈನಿನಲ್ಲಿ ಜೊತೆಗಾರರನ್ನು ಹುಡುಕಿಕೊಡುವ ವ್ಯವಸ್ಥೆಯೇ ಕೆಟ್ಟಿತ್ತು. 2015ರ ಹೇಲೋ 5ರಲ್ಲಿ ಒಂದೇ ಟಿವಿಯಲ್ಲಿ ಕೂಡಿ ಆಡುವ ಸೌಲಭ್ಯ ತೆಗೆದುಹಾಕಿದರು. ಇನ್ನು ಮುಂದೆ ಹಾಗೆ ಮಾಡುವುದಿಲ್ಲ ಎಂದು ಮಾತು ಕೊಟ್ಟರು, ಹೇಲೋ ಇನ್ಫಿನಿಟ್‌ನ ಕಥಾಭಾಗದಲ್ಲಿ ಅದನ್ನು ತರುವ ಯೋಜನೆಯನ್ನು 2022ರಲ್ಲಿ ಮತ್ತೆ ಕೈಬಿಟ್ಟರು. ಕೂಟ ಕಟ್ಟಿದ ಆಟವೇ ಕೂಟವನ್ನು ಮನೆಯಿಂದ ಹೊರಗೆ ಹಾಕಿದ ಮೇಲೆ ಬೇರೆ ಯಾರೂ ಬಂದು ಕೆಡವಬೇಕಾಗಿರಲಿಲ್ಲ.

ಈಗ ನಮ್ಮ ಕಡೆಗೆ ಬರೋಣ.

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳು ಒಂದೇ ಬಗೆಯವಲ್ಲ. ಸಿಂಧನೂರಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ನೀರು ಬಂದು ಭತ್ತ ಬಂತು, ಭತ್ತದ ಹಿಂದೆ ರೈಸ್ ಮಿಲ್ಲು, ಟ್ರ್ಯಾಕ್ಟರು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳು ಬಂದವು. ಲಿಂಗಸುಗೂರಿಗೆ ಹಟ್ಟಿಯ ಚಿನ್ನದ ಗಣಿಯಿದೆ, ಮುದಗಲ್ಲಿನ ಕೋಟೆಯಿದೆ. ಮಸ್ಕಿ ಹೊಸ ತಾಲ್ಲೂಕು, ಹಳೆಯ ಊರು. ದುಡ್ಡು ಮೂರೂ ಕಡೆ ಒಂದೇ ಪ್ರಮಾಣದಲ್ಲಿ ಇಲ್ಲ. ಆದರೆ ಹುಡುಗರ ಆಟದ ಚರಿತ್ರೆ ಹೆಚ್ಚು ಕಡಿಮೆ ಒಂದೇ.

ಮೊದಲು ಬಂದದ್ದು ತೊಂಬತ್ತರ ದಶಕದ ಟಿವಿ ವಿಡಿಯೋ ಗೇಮ್. 1983ರಲ್ಲಿ ಜಪಾನಿನ ನಿಂಟೆಂಡೊ ಬಿಟ್ಟ ಫ್ಯಾಮಿಕಾಮ್ ಯಂತ್ರದ ನಕಲುಗಳು ಸಮುರಾಯ್, ಮೀಡಿಯಾ ಎಂಬ ಹೆಸರುಗಳಲ್ಲಿ ನಮ್ಮ ಅಂಗಡಿಗಳಿಗೆ ಬಂದವು. ಹಳದಿ ಕ್ಯಾಸೆಟ್ಟು, ಅದರ ಮೇಲೆ 9999 ಆಟ ಎಂಬ ಬರಹ, ತೆರೆದು ನೋಡಿದರೆ ನಾಲ್ಕೈದೇ ಆಟ ತಿರುತಿರುಗಿ. ಹತ್ತದಿದ್ದರೆ ಕ್ಯಾಸೆಟ್ಟು ಕಿತ್ತು ಬಾಯಿಂದ ಊದಿ ಮತ್ತೆ ಹಾಕುವುದು. ಆ ಯಂತ್ರದ ಹೇಲೋ ಯಾವುದು ಎಂದು ಕೇಳಿದರೆ ಶೂಟಿಂಗ್ ಪೈಕಿ ಉತ್ತರ ಒಂದೇ: ಕಾಂಟ್ರಾ. ಕೊನಾಮಿ 1987ರಲ್ಲಿ ಮಾಡಿದ ಆ ಆಟವನ್ನು ಇಬ್ಬರು ಒಟ್ಟಿಗೆ ಆಡಬಹುದಿತ್ತು. ಒಬ್ಬ ಮೇಲೆ ಹಾರಿದರೆ ಪರದೆ ಮೇಲೆ ಸರಿದು ಕೆಳಗಿದ್ದವ ಸಾಯುತ್ತಿದ್ದ. ಆಟದೊಳಗಿನ ಸಾವಿಗೆ ಹೊರಗೆ ಗುದ್ದಾಟ. ಕರೆಂಟು ಹೋದರೆ ಮೊದಲಿಂದ. ಎಷ್ಟೋ ಓಣಿಗಳಲ್ಲಿ ಅದನ್ನು ಬಾಡಿಗೆಗೆ ತಾಸಿನ ಲೆಕ್ಕದಲ್ಲಿ ಕೊಡುತ್ತಿದ್ದರು.

ಕಾಂಟ್ರಾವನ್ನು ಕೆಡವಿದ್ದು ಇನ್ನೊಂದು ಕ್ಯಾಸೆಟ್ ಅಲ್ಲ. ಕಂಪ್ಯೂಟರ್ ಸೆಂಟರುಗಳು ಬಂದವು. ಟೈಪಿಂಗ್, ಡಿಟಿಪಿ ಕಲಿಯಲು ಹೋದವರು ಮೇಷ್ಟರು ಹೊರಗೆ ಹೋದ ಹೊತ್ತಲ್ಲಿ ಐಜಿಐ ತೆರೆದರು. 2000ದಲ್ಲಿ ನಾರ್ವೆಯ ಕಂಪನಿಯೊಂದು ಮಾಡಿದ ಆ ಆಟದಲ್ಲಿ ನಡುವೆ ಸೇವ್ ಮಾಡಲು ಬರುತ್ತಿರಲಿಲ್ಲ, ಕಾರ್ಯಾಚರಣೆಯ ಕೊನೆಯಲ್ಲಿ ಸತ್ತರೂ ಮೊದಲಿಂದಲೇ ಶುರು. ಯಂತ್ರಗಳಿಗೆ ತಂತಿ ಎಳೆದಿದ್ದ ಕಡೆ ಕೌಂಟರ್ ಸ್ಟ್ರೈಕ್. ಆಮೇಲೆ ಆ್ಯಂಡ್ರಾಯ್ಡ್ ಫೋನು ಬಂತು, ಅದರೊಂದಿಗೆ ಮಿನಿ ಮಿಲಿಷಿಯಾ. ಕೈಯಿಂದ ಗೀಚಿದಂತಿರುವ ಪುಟ್ಟ ಸೈನಿಕರು, ಬೆನ್ನಿಗೆ ಹಾರುವ ಯಂತ್ರ. ಡೇಟಾ ಬೇಕಿಲ್ಲ, ಒಬ್ಬ ಹಾಟ್‌ಸ್ಪಾಟ್ ಹಚ್ಚಿದರೆ ಐದಾರು ಫೋನು ಅದಕ್ಕೆ ಜೋಡಣೆ. ಡೇಟಾ ದುಬಾರಿಯಾಗಿದ್ದ ದಿನಗಳಲ್ಲಿ, ಹಾಸ್ಟೆಲ್ಲಿನ ಕೋಣೆಯಲ್ಲಿ, ಅಮೆರಿಕದ ಹುಡುಗರು ನಾಲ್ಕು ಎಕ್ಸ್‌ಬಾಕ್ಸ್‌ಗೆ ತಂತಿ ಎಳೆದು ಪಡೆದ ಸಂತೋಷವನ್ನೇ ನಮ್ಮವರು ದುಡ್ಡಿಲ್ಲದೆ ಪಡೆದರು. ಈ ಆಟಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಎಂದೇ ನನಗನ್ನಿಸುತ್ತದೆ.

ಎಕ್ಸ್‌ಬಾಕ್ಸ್ ಈ ನಡುವೆ ಭಾರತಕ್ಕೆ ಬಂದಿತ್ತು. 2006ರಲ್ಲಿ 360 ಬಿಡುಗಡೆಯಾದಾಗ ಅಕ್ಷಯ್ ಕುಮಾರ್, ಯುವರಾಜ್ ಸಿಂಗ್ ಪ್ರಚಾರಕ್ಕೆ ನಿಂತಿದ್ದರು. ಬೆಲೆ ಇಪ್ಪತ್ತು ಸಾವಿರ ರೂಪಾಯಿಯ ಸುತ್ತಮುತ್ತ. ಒಬ್ಬ ಹುಡುಗನ ಆಟಕ್ಕೆ ಅಷ್ಟು ಹಣ ಹಾಕುವ ಮನೆ ನಮ್ಮಲ್ಲಿ ಎಲ್ಲಿತ್ತು? ಹೇಲೋ ಹೆಸರು ಇಲ್ಲಿ ಬೇರೂರದೆ ಹೋಯಿತು.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು. ಮೊದಲ ತಿಂಗಳುಗಳಲ್ಲಿ ಡೇಟಾ ಪುಕ್ಕಟೆ, ಆಮೇಲೆ ಅಗ್ಗ. ಐರ್ಲೆಂಡಿನ ಬ್ರೆಂಡನ್ ಗ್ರೀನ್ ರೂಪಿಸಿದ, ಕೊರಿಯಾದ ಕಂಪನಿ ಹೊರತಂದ ಪಬ್ಜಿ 2017ರಲ್ಲಿ ಕಂಪ್ಯೂಟರಿಗೆ, 2018ರ ಮಾರ್ಚಿನಲ್ಲಿ ಫೋನಿಗೆ ಬಂತು. ನೂರು ಜನ ವಿಮಾನದಿಂದ ಜಿಗಿಯುವುದು, ಕೊನೆಗೆ ಉಳಿದವನು ಗೆದ್ದವನು. ಅರ್ಧ ತಾಸಿನ ಆಟದಲ್ಲಿ ಹೊಡೆದಾಟ ಐದಾರು ನಿಮಿಷ ಇದ್ದರೆ ಹೆಚ್ಚು; ಉಳಿದದ್ದೆಲ್ಲ ನಡಿಗೆ, ಹುಡುಕಾಟ, ಮಾತು. ಆ ಮಾತೇ ಆಟ ಎಂದರೂ ನಡೆಯುತ್ತದೆ. ಕಾಲೇಜು ಮುಗಿಸಿ ಒಬ್ಬ ಬೆಂಗಳೂರಿಗೆ, ಒಬ್ಬ ಹೈದರಾಬಾದಿಗೆ, ಒಬ್ಬ ಊರಲ್ಲೇ ಹೊಲಕ್ಕೆ ಹೋದ ಮೇಲೂ ರಾತ್ರಿ ಹತ್ತಕ್ಕೆ ನಾಲ್ವರೂ ಒಂದೇ ಸ್ಕ್ವಾಡ್. ಸಿಂಧನೂರಿನ ಕ್ಯಾಂಪಿನ ಹುಡುಗರ ಸ್ಕ್ವಾಡಿನ ಮಾತು ಕೇಳಬೇಕು: ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಜಾರಿ, ಗುಂಡು ಹಾರುತ್ತಲೇ ಹಿಂದಿಗೆ ತಿರುಗಿ, ಸತ್ತಾಗ ಮತ್ತೆ ತಾಯ್ನುಡಿಗೆ ಬರುತ್ತದೆ. ‘ಏ, ಕವರ್ ಕೊಡಲೇ, ನಾಕ್ ಆಗೀನಿ, ರಿವೈವ್ ಮಾಡು!’ ಗೆದ್ದಾಗ ಕೂಗುವ ಚಿಕನ್ ಡಿನ್ನರ್ ಎಂಬ ಮಾತು ಕೋಳಿ ತಿನ್ನದ ಮನೆಯಲ್ಲೂ ಮೊಳಗಿತು.

ಇದರ ಎದುರಾಳಿ ಫ್ರೀ ಫೈರ್. ಸಿಂಗಪುರದ ಗರೀನಾ 2017ರಲ್ಲಿ ಹೊರತಂದ ಇದರಲ್ಲಿ ಐವತ್ತೇ ಜನ, ಹತ್ತೇ ನಿಮಿಷ. ಚಿತ್ರ ಒರಟು, ಆದರೆ ಕಡಿಮೆ ಮೆಮರಿಯ ಅಗ್ಗದ ಫೋನಿನಲ್ಲೂ ಓಡುತ್ತದೆ. ಪಬ್ಜಿ ಹಚ್ಚಿದರೆ ಬಿಸಿಯಾಗಿ ನಿಂತುಬಿಡುವ ಫೋನು ಇದರಲ್ಲಿ ಉಸಿರಾಡುತ್ತದೆ. ಪರ್ಫೆಕ್ಟ್ ಡಾರ್ಕ್‌ಗೆ ಮುಳುವಾದ ಮೆಮರಿಯೇ ಫ್ರೀ ಫೈರ್‌ಗೆ ವರವಾಯಿತು. ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ನಿಂತರೆ ಇದರ ಲೆಕ್ಕ ಕಣ್ಣಿಗೇ ಕಾಣುತ್ತದೆ. ಹಟ್ಟಿಗೆ, ಮುದಗಲ್ಲಿಗೆ, ಸುತ್ತಿನ ಹಳ್ಳಿಗಳಿಗೆ ಹೋಗುವ ವಿದ್ಯಾರ್ಥಿಗಳು ಬ್ಯಾಗನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಮೊಣಕೈ ಊರಿ ಕೂತಿರುತ್ತಾರೆ. ಬಸ್ಸು ಬರುವಷ್ಟರಲ್ಲಿ ಒಂದು ಆಟ ಮುಗಿಯುತ್ತದೆ. ಗೆದ್ದರೆ ಬೂಯಾ, ಸೋತರೆ ಮುಂದಿನ ಬಸ್ಸಿಗೆ ನೋಡೋಣ. ಅಪ್ಪನ ಹಳೆಯ ಫೋನು ಸಿಕ್ಕವನು ಫ್ರೀ ಫೈರ್ ಆಡುತ್ತಾನೆ, ಸ್ವಂತದ ಹೊಸ ಫೋನು ಇರುವವನು ಪಬ್ಜಿ ಆಡುತ್ತಾನೆ. ಎರಡು ಆಟಗಳ ನಡುವೆ ನಮ್ಮ ಊರುಗಳಲ್ಲಿ ಎದ್ದ ಜಗಳ ಅರ್ಧಕ್ಕರ್ಧ ಫೋನಿನ ಬೆಲೆಯ ಜಗಳ. ‘ಅದು ಸಣ್ಣ ಹುಡುಗ್ರು ಆಡೋದು’ ಎಂಬ ಕೊಂಕಿನ ಹಿಂದೆ ಇರುವುದೂ ಅದೇ, ಮತ್ತು ಅದು ಸರಿಯಾದ ಮಾತಲ್ಲ.

ಒಂದರ ಜಾಗಕ್ಕೆ ಇನ್ನೊಂದು ಬರಬಹುದೇ ಎಂಬ ಪ್ರಶ್ನೆಗೆ ಮಸ್ಕಿಯಲ್ಲಿ ಹೊಂದುವ ಒಂದು ಹಳೆಯ ಉದಾಹರಣೆ ಇದೆ. 1915ರಲ್ಲಿ ಗಣಿ ಇಂಜಿನಿಯರ್ ಬೀಡನ್ ಇಲ್ಲಿ ಕಂಡ ಬಂಡೆ ಶಾಸನದಿಂದ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಖಚಿತವಾಯಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮದೇ ಬಳ್ಳಾರಿ ಸೀಮೆಯ ನಿಟ್ಟೂರು, ಉಡೆಗೋಳದಲ್ಲಿ ಅಶೋಕನ ಹೆಸರಿರುವ ಶಾಸನಗಳು ಸಿಕ್ಕವು. ಹೆಸರು ಅವುಗಳಲ್ಲೂ ಇದೆ, ಆದರೆ ಶಾಲೆಯ ಮಗುವಿಗೆ ಗೊತ್ತಿರುವುದು ಮಸ್ಕಿ. ಕತ್ತಲಿದ್ದಾಗ ಮೊದಲು ದೀಪ ಹಚ್ಚಿದ ಊರಿನ ಹೆಸರು ಉಳಿಯುತ್ತದೆ. ಹೇಲೋಗೂ ಪಬ್ಜಿಗೂ ಸಿಕ್ಕ ಹೆಸರು ಇಂಥದ್ದೇ.

ಪಬ್ಜಿಯ ಜಾಗ ನಿಜಕ್ಕೂ ಖಾಲಿಯಾದ ಒಂದು ಕಾಲ ಬಂತು. ಅಷ್ಟು ಹೊತ್ತಿಗೆ ಆಟದ ಮೇಲೆ ಸಿಟ್ಟು ಬೆಳೆದಿತ್ತು. 2019ರ ಮಾರ್ಚಿನಲ್ಲಿ ಗುಜರಾತಿನ ರಾಜಕೋಟದಲ್ಲಿ ನಿಷೇಧ ಹೇರಿ ಆಡಿದ ಹುಡುಗರನ್ನು ಪೊಲೀಸರು ಹಿಡಿದಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಳಗಾವಿ ಬಳಿಯ ಕಾಕತಿಯಲ್ಲಿ ಇದೇ ಆಟದ ವಿಚಾರಕ್ಕೆ ಮಗನೊಬ್ಬ ತಂದೆಯನ್ನೇ ಕೊಂದ ಸುದ್ದಿ ರಾಜ್ಯವನ್ನು ನಡುಗಿಸಿತ್ತು. ತಂದೆ ತಾಯಿಯರ ಆ ಭಯವನ್ನು ತಳ್ಳಿಹಾಕುವಂತಿಲ್ಲ. ಆದರೆ ನಿಷೇಧ ಬಂದದ್ದು ಬೇರೆ ಕಾರಣಕ್ಕೆ. ಗಲ್ವಾನ್ ಘರ್ಷಣೆಯ ನಂತರ, 2020ರ ಸೆಪ್ಟೆಂಬರ್ 2ರಂದು, ಕೇಂದ್ರ ಸರ್ಕಾರ ಚೀನಾ ನಂಟಿನ 118 ಆ್ಯಪ್‌ಗಳನ್ನು ತಡೆಹಿಡಿಯಿತು. ಫೋನಿನ ಪಬ್ಜಿಯನ್ನು ನಡೆಸುತ್ತಿದ್ದುದು ಚೀನಾದ ಟೆನ್ಸೆಂಟ್. ಅಕ್ಟೋಬರ್ 30ಕ್ಕೆ ಸರ್ವರ್ ನಿಂತಿತು.

ನಿಷೇಧವಾದ ಎರಡೇ ದಿನದಲ್ಲಿ, ಸೆಪ್ಟೆಂಬರ್ 4ರಂದು, ಹದಿನಾಲ್ಕು ವರ್ಷದ ಹಿಂದೆ ಎಕ್ಸ್‌ಬಾಕ್ಸ್‌ಗೆ ಮುಖ ಕೊಟ್ಟಿದ್ದ ಅದೇ ಅಕ್ಷಯ್ ಕುಮಾರ್ ಹೊಸ ಆಟ ಘೋಷಿಸಿದರು: ಫೌಜಿ. ಮಾಡುತ್ತಿದ್ದುದು ಬೆಂಗಳೂರಿನ ಎನ್‌ಕೋರ್ ಗೇಮ್ಸ್. ನಿವ್ವಳ ಆದಾಯದ ಶೇ 20ರಷ್ಟನ್ನು ಹುತಾತ್ಮ ಯೋಧರ ಕುಟುಂಬಗಳ ‘ಭಾರತ್ ಕೆ ವೀರ್’ ನಿಧಿಗೆ ಕೊಡುವುದಾಗಿ ಹೇಳಿದರು. ಬಿಡುಗಡೆಗೆ ಮುನ್ನವೇ ಲಕ್ಷಾಂತರ ಜನ ಹೆಸರು ನೋಂದಾಯಿಸಿದರು. ಕರ್ನಾಟಕದಲ್ಲಿ ಹುಟ್ಟಿದ ಆಟವೊಂದು ದೇಶದ ಫೋನುಗಳ ಗುರುತಾಗುವ ಅಪರೂಪದ ಅವಕಾಶ ಅದು. 2021ರ ಜನವರಿ 26ರಂದು ಆಟ ಬಂತು. ಗಲ್ವಾನ್ ಕಣಿವೆಯ ಕಥೆ, ಒಬ್ಬನೇ ಸೈನಿಕ, ಮುಷ್ಟಿ ಮತ್ತು ಕೈಗೆ ಸಿಕ್ಕ ಆಯುಧದ ಕಾದಾಟ. ಸ್ಕ್ವಾಡ್ ಇಲ್ಲ, ವಿಮಾನದಿಂದ ಜಿಗಿತ ಇಲ್ಲ, ರಾತ್ರಿ ಹತ್ತಕ್ಕೆ ಗೆಳೆಯನಿಗೆ ‘ಬಾರಲೇ’ ಅನ್ನಲು ಜಾಗ ಇಲ್ಲ. ಕೆಲವೇ ದಿನಗಳಲ್ಲಿ ಪ್ಲೇ ಸ್ಟೋರಿನ ಅಂಕ ಕುಸಿಯಿತು. ಮಾಡಿದವರ ಶ್ರದ್ಧೆಯ ಬಗ್ಗೆ ನನಗೆ ಅನುಮಾನವಿಲ್ಲ. ಜನ ಕಳೆದುಕೊಂಡಿದ್ದು ಕೂಟ. ಅವರ ಕೈಗೆ ಬಂದದ್ದು ಒಬ್ಬಂಟಿ ಆಟ.

ಆ ತಿಂಗಳುಗಳಲ್ಲಿ ಹುಡುಗರು ಹೆಚ್ಚಾಗಿ ಹೋದದ್ದು ಫ್ರೀ ಫೈರ್‌ಗೆ, ಸ್ವಲ್ಪ ಮಂದಿ ಕಾಲ್ ಆಫ್ ಡ್ಯೂಟಿಯ ಫೋನ್ ಆವೃತ್ತಿಗೆ. 2021ರ ಜುಲೈ 2ರಂದು ಪಬ್ಜಿ ಬಿಜಿಎಂಐ ಎಂಬ ಹೆಸರಿನಲ್ಲಿ ಕೊರಿಯಾದ ಕ್ರಾಫ್ಟನ್ ಮೂಲಕ ಮರಳಿತು. ರಕ್ತದ ಬಣ್ಣ ಹಸಿರು, ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ತಾಸು, ದಿನದ ಖರ್ಚಿಗೆ ₹7,000 ಮಿತಿ. ಇವೆಲ್ಲಕ್ಕಿಂತ ಮುಖ್ಯವಾದದ್ದು ಹಳೆಯ ಐಡಿಯನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳುವ ಸೌಲಭ್ಯ. ಎರಡು ವರ್ಷ ಕಷ್ಟಪಟ್ಟು ಏರಿದ ಮೆಟ್ಟಿಲು, ಕೊಂಡ ಅಂಗಿ, ಗೆಳೆಯರ ಪಟ್ಟಿ ಎಲ್ಲ ಹಾಗೇ ಸಿಕ್ಕಿತು. ಕೂಟ ಮರಳಿ ಮನೆಗೆ ಬಂತು, ಮತ್ತು ಪ್ರಶ್ನೆ ಅಲ್ಲಿಗೆ ತೀರ್ಮಾನವಾಯಿತು. ಮುಂದೆ 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧವಾಯಿತು, ಅದರ ಅಕ್ಕನಂತಿದ್ದ ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ಜುಲೈ 28ರಂದು ಬಿಜಿಎಂಐಗೂ ತಡೆ ಬಿತ್ತು, ಹತ್ತು ತಿಂಗಳ ಮೇಲೆ ಅದೂ ಮರಳಿತು. ಇಷ್ಟೆಲ್ಲ ಏಳುಬೀಳಿನಲ್ಲಿ ಹುಡುಗರ ಬಾಯಲ್ಲಿ ಹೆಸರು ಬದಲಾಗಲೇ ಇಲ್ಲ. ಪರದೆಯ ಮೇಲೆ ಏನೇ ಬರೆದಿರಲಿ, ಅವರಿಗೆ ಅದು ಪಬ್ಜಿ.

ಆದ್ದರಿಂದ ಈಗ ಬಂದಿರುವ ದೇಶಿ ಪ್ರಯತ್ನಗಳನ್ನು ಪ್ರೀತಿಯಿಂದಲೇ, ಆದರೆ ಕಟ್ಟುನಿಟ್ಟಾಗಿ ಅಳೆಯಬೇಕು. ಪುಣೆಯ ಸೂಪರ್‌ಗೇಮಿಂಗ್ 2024ರಲ್ಲಿ ಇಂಡಸ್ ತಂದಿತು. 2025ರಲ್ಲಿ ಫೌಜಿ ‘ಡಾಮಿನೇಷನ್’ ಆಗಿ, ಈ ಸಲ ತಂಡ ಕಟ್ಟಿ ಆಡುವ ನಿಜವಾದ ಶೂಟಿಂಗ್ ಆಟವಾಗಿ ಬಂತು. ಆ ವರ್ಷದ ಆಗಸ್ಟಿನ ಕೇಂದ್ರ ಕಾಯ್ದೆ ಹಣ ಕಟ್ಟುವ ಆಟಗಳನ್ನು ನಿಷೇಧಿಸಿ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ದಾರಿ ಮೊದಲಿಗಿಂತ ಸುಗಮ. ಆದರೆ ಇವೆಲ್ಲ ಪಬ್ಜಿ ಕಟ್ಟಿದ ಕೂಟಕ್ಕೇ ಬಂದು ಕುರ್ಚಿ ಹುಡುಕುತ್ತಿವೆ, ಗಿಯರ್ಸ್ ಹೇಲೋದ ಮನೆಗೆ ಬಂದಂತೆ. ಅದೇ ಫೋನು, ಅದೇ ರಾತ್ರಿ ಹತ್ತು, ಅದೇ ನಾಲ್ವರು. ಆ ನಾಲ್ವರಲ್ಲಿ ಮೂವರು ಒಪ್ಪಿದರೂ ಒಬ್ಬ ಬರದಿದ್ದರೆ ಯಾರೂ ಹೋಗುವುದಿಲ್ಲ.

ಹೇಲೋ ಕಡೆಯಲ್ಲಿ ಪ್ರಶ್ನೆಯ ನೆಲವೇ ಕುಸಿದಿದೆ. 2025ರ ಆಗಸ್ಟಿನಲ್ಲಿ ಮೊದಲ ಗಿಯರ್ಸ್ ಹೊಸ ರೂಪದಲ್ಲಿ ಪ್ಲೇಸ್ಟೇಷನ್ 5ಕ್ಕೂ ಬಂತು. ಎರಡು ತಿಂಗಳಲ್ಲೇ ಮೊದಲ ಹೇಲೋದ ಹೊಸ ರೂಪವನ್ನೂ ಪ್ಲೇಸ್ಟೇಷನ್ನಿಗೆ ತರುವುದಾಗಿ ಘೋಷಿಸಿದರು. ಕನ್ಸೋಲಿಗೆ ಗುರುತು ಬೇಕು ಎಂಬ ಆಸೆಯನ್ನು ಮೈಕ್ರೋಸಾಫ್ಟೇ ಬಿಟ್ಟಂತಿದೆ. ನಮ್ಮ ಫೋನುಗಳಿಗೆ ಆ ಸ್ಥಿತಿ ಇನ್ನೂ ಬಂದಿಲ್ಲ. ಸದ್ಯ ನಾನು ಗಮನಿಸುತ್ತಿರುವುದು ಹೊಸ ಆಟಗಳ ಪಟ್ಟಿಯನ್ನಲ್ಲ. ಅಪ್ಪನ ಹಳೆಯ ಫೋನಿನಲ್ಲಿ ಫ್ರೀ ಫೈರ್ ಆಡಿ ಬೆಳೆದ ಲಿಂಗಸುಗೂರಿನ ಹುಡುಗರು ಈಗ ದುಡಿಯಲು ಶುರು ಮಾಡಿದ್ದಾರೆ, ಸ್ವಂತ ಫೋನು ಕೊಳ್ಳುತ್ತಿದ್ದಾರೆ. ಅವರು ತಮ್ಮ ಸ್ಕ್ವಾಡನ್ನು ಕಟ್ಟಿಕೊಂಡು ಬಿಜಿಎಂಐಗೆ ಹೋಗುತ್ತಾರೋ, ಇದ್ದಲ್ಲೇ ಉಳಿಯುತ್ತಾರೋ ಎಂಬುದು ಎರಡು ಮೂರು ವರ್ಷದಲ್ಲಿ ತಿಳಿಯುತ್ತದೆ.